ಕಾಂಗ್ರೆಸ್ ಗಿಡಕ್ಕೆ ಹೆಸರು ಹಲವು, ಗಿಡ ಒಂದೇ: ಔಷಧಿ ಕೊಳ್ಳುವ ಮುಂಚೆ ಪೂರ್ತಿ ಹೆಸರು ತಿಳಿಯಿರಿ



ಹೋದ ಮುಂಗಾರಿನಲ್ಲಿ ನಡೆದ ಒಂದು ಸಂಗತಿಯಿಂದ ಈ ವಾರದ ಪಾಠ ಶುರು ಮಾಡೋಣ. ಪರಿಚಯದ ರೈತರೊಬ್ಬರು ಎರಡು ಎಕರೆ ಶೇಂಗಾ ಹಾಕಿದ್ದರು. ಬಿತ್ತಿ ಮೂರು ವಾರ ಆಗುವಷ್ಟರಲ್ಲಿ ಸಾಲುಗಳ ನಡುವೆ ಕಾಂಗ್ರೆಸ್ ಗಿಡ ದಟ್ಟವಾಗಿ ಎದ್ದಿತ್ತು. ಅಲ್ಲಲ್ಲಿ ಹುಲ್ಲೂ ಇತ್ತು. ಕಳೆ ತೆಗೆಯೋಕೆ ಆಳು ಸಿಗಲಿಲ್ಲ. ಔಷಧಿ ಅಂಗಡಿಗೆ ಹೋಗಿ, "ಶೇಂಗಾದಾಗ ಕಾಂಗ್ರೆಸ್ ಹುಲ್ಲು ಭಾಳ ಬಂದೈತ್ರಿ, ಬೆಳೆಗೆ ಏನೂ ಆಗಬಾರದು, ಹುಲ್ಲು ಸಾಯಬೇಕು, ಅಂಥದ್ದು ಕೊಡ್ರಿ" ಅಂದರು. ಅಂಗಡಿಯವರು ಕೇಳಿದ್ದನ್ನೇ ಕೊಟ್ಟರು. ಶೇಂಗಾಕ್ಕೆ ತೊಂದರೆ ಮಾಡದೆ ಹುಲ್ಲನ್ನು ಮಾತ್ರ ಕೊಲ್ಲುವ ಕ್ವಿಜಲೋಫಾಪ್ ಈಥೈಲ್ ಎಂಬ ಕಳೆನಾಶಕ ಅದು.

ಎರಡು ವಾರದಲ್ಲಿ ಹುಲ್ಲೆಲ್ಲ ಒಣಗಿತು. ಕಾಂಗ್ರೆಸ್ ಗಿಡದ ಒಂದು ಎಲೆಯೂ ಬಾಡಲಿಲ್ಲ. ಹುಲ್ಲು ಹೋಗಿ ಖಾಲಿಯಾದ ಜಾಗವನ್ನೂ ಅದೇ ತುಂಬಿಕೊಂಡಿತು. "ನಕಲಿ ಔಷಧಿ ಕೊಟ್ಟಾನ" ಅಂತ ರೈತರು ಸಿಟ್ಟಾಗಿದ್ದರು. ಬಾಟಲಿ ತರಿಸಿ ನೋಡಿದರೆ ಔಷಧಿ ಅಸಲಿಯೇ. ಅಳತೆಯೂ ಸರಿ, ಸಿಂಪಡಿಸಿದ್ದೂ ಸರಿ. ತಪ್ಪಿದ್ದು ಗಿಡದ ಹೆಸರು. ಔಷಧಿಯ ದುಡ್ಡು, ಸಿಂಪಡಣೆಯ ಕೂಲಿ ಎರಡೂ ಹೋದವು. ಅದಕ್ಕಿಂತ ಮುಖ್ಯವಾಗಿ, ಕಳೆ ಚಿಕ್ಕದಿದ್ದಾಗ ಕೀಳಬಹುದಾಗಿದ್ದ ಎರಡು ವಾರ ಹೋಯಿತು.

ಹೆಸರಿನ ವಿಷಯ ಶಾಲೆಯ ಪುಸ್ತಕಕ್ಕೆ ಸೇರಿದ್ದು, ಹೊಲಕ್ಕಲ್ಲ ಅಂತ ನಾವು ಅಂದುಕೊಂಡಿರ್ತೀವಿ. ಹಾಗಲ್ಲ ಎಂಬುದನ್ನು ಈ ಒಂದು ಗಿಡವನ್ನೇ ಇಟ್ಟುಕೊಂಡು ನೋಡೋಣ.

ಹುಲ್ಲಲ್ಲದ ಹುಲ್ಲು

ಕಾಂಗ್ರೆಸ್ ಹುಲ್ಲು ಎಂದು ಕರೆದರೂ ಇದು ಹುಲ್ಲಲ್ಲ. ಹುಲ್ಲು ಅಂದರೆ ಗರಿಕೆ, ಹರಿಯಾಲಿ, ರಾಗಿ, ಜೋಳ, ಕಬ್ಬು, ಭತ್ತದ ಕುಟುಂಬ. ಅವುಗಳ ಎಲೆ ಉದ್ದ, ನರಗಳು ನೆಟ್ಟಗೆ, ಬೇರು ಗುಂಪಾಗಿ. ಕಾಂಗ್ರೆಸ್ ಗಿಡ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಅಗಲ ಎಲೆಯ ಕಳೆ. ಎಲೆ ಸೀಳಿ ಸೀಳಿ ಇರೋದರಿಂದ ಅಗಲ ಕಾಣಿಸಲ್ಲ, ಅಷ್ಟೇ. ಬೇರು ತಾಯಿಬೇರು.

ಕ್ವಿಜಲೋಫಾಪ್, ಫೆನಾಕ್ಸಾಪ್ರಾಪ್ ಇಂಥ ಕಳೆನಾಶಕಗಳು ಹುಲ್ಲು ಜಾತಿಯ ಗಿಡದೊಳಗೆ ಕೊಬ್ಬಿನಾಮ್ಲ ತಯಾರಿಸುವ ಒಂದು ಕಿಣ್ವವನ್ನು ತಡೀತವೆ. ಅಗಲ ಎಲೆಯ ಗಿಡಗಳಲ್ಲಿ ಆ ಕಿಣ್ವದ ರಚನೆ ಬೇರೆ, ಅದಕ್ಕೇ ಶೇಂಗಾಕ್ಕೆ ಏನೂ ಆಗಲ್ಲ. ಶೇಂಗಾ ಉಳಿಯುವ ಕಾರಣಕ್ಕೇ ಕಾಂಗ್ರೆಸ್ ಗಿಡವೂ ಉಳಿಯುತ್ತೆ. ಇನ್ನು 2,4-ಡಿ ಎಂಬ ಕಳೆನಾಶಕ ಇದಕ್ಕೆ ತದ್ವಿರುದ್ಧ. ಅದು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತೆ, ಹುಲ್ಲನ್ನು ಬಿಡುತ್ತೆ. ಹಾಗಂತ ಶೇಂಗಾಕ್ಕೆ ಹೊಡೆದರೆ ಶೇಂಗಾವೇ ಸಾಯುತ್ತೆ. ಪಕ್ಕದಲ್ಲಿ ಹತ್ತಿ, ಟೊಮೆಟೊ, ದ್ರಾಕ್ಷಿ ಇದ್ದರೆ ಗಾಳಿಯಲ್ಲಿ ತೇಲಿ ಹೋದ ಹನಿಯಿಂದಲೂ ಅವುಗಳ ಎಲೆ ಮುದುಡುತ್ತೆ.

ಅಂದರೆ "ಹುಲ್ಲು" ಎಂಬ ಒಂದು ಪದದ ಮೇಲೆ ಔಷಧಿಯ ಇಡೀ ಆಯ್ಕೆ ತಿರುಗುಮುರುಗಾಗುತ್ತೆ. ಹಿಂದಿಯ ಗಾಜರ್ ಘಾಸ್, ಮರಾಠಿಯ ಗಾಜರ್ ಗವತ್ ಎರಡೂ ಗಜ್ಜರಿ ಹುಲ್ಲು ಎಂದೇ ಹೇಳ್ತವೆ. ಅಲ್ಲಿಯ ರೈತರಿಗೂ ಇದೇ ಗೊಂದಲ ತಪ್ಪಿದ್ದಲ್ಲ.

ಒಂದೇ ಗಿಡ, ಊರಿಗೊಂದು ಹೆಸರು

ಈ ಗಿಡದ ತವರು ಮೆಕ್ಸಿಕೊ ಕೊಲ್ಲಿಯ ಸುತ್ತಮುತ್ತಲಿನ ಅಮೆರಿಕದ ಉಷ್ಣ ಪ್ರದೇಶ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಇದು ಹಬ್ಬುತ್ತಿರುವುದನ್ನು ಸಸ್ಯಶಾಸ್ತ್ರಜ್ಞರು ಗಮನಿಸಿ ಬರೆದರು. ಆಮೇಲೆ ದೇಶದ ತುಂಬ ಹರಡಿತು. ಅಮೆರಿಕದಿಂದ ಪಿಎಲ್-480 ಯೋಜನೆಯಲ್ಲಿ ಬಂದ ಗೋಧಿಯ ಜೊತೆ ಬೀಜ ಬಂತು ಎನ್ನುವುದು ಎಲ್ಲರ ಬಾಯಲ್ಲಿರುವ ಮಾತು.

ಕಾಂಗ್ರೆಸ್ ಎಂಬ ಹೆಸರು ಯಾಕೆ ಬಂತು ಅಂದರೆ ಹಳ್ಳಿಗಳಲ್ಲಿ ಎರಡು ಉತ್ತರ ಸಿಗುತ್ತೆ. ಕಾಂಗ್ರೆಸ್ ಸರ್ಕಾರ ಇದ್ದ ಕಾಲದಲ್ಲಿ ಬಂದದ್ದಕ್ಕೆ ಹಾಗೆ ಕರೆದರು ಅಂತ ಕೆಲವರು. ಬಿಳಿ ಹೂವಿನ ಹೊಲ ದೂರದಿಂದ ಗಾಂಧಿ ಟೋಪಿ ಹಾಕಿದ ಸಭೆಯ ಹಾಗೆ ಕಾಣುತ್ತೆ ಅಂತ ಕೆಲವರು. ಯಾವುದು ನಿಜವೋ, ಹೆಸರಂತೂ ನಿಂತುಬಿಟ್ಟಿತು. ಆಂಧ್ರ, ತೆಲಂಗಾಣದಲ್ಲಿ ಇದೇ ಗಿಡ ವಯ್ಯಾರಿಭಾಮ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ದನ ಸಾಕಣೆಗಾರರು ಪಾರ್ಥೇನಿಯಂ ವೀಡ್ ಅಂತಾರೆ. ವೆಸ್ಟ್ ಇಂಡೀಸಿನಲ್ಲಿ ವೈಟ್ ಟಾಪ್. ಅಮೆರಿಕದ ಕೆಲವು ಕಡೆ ಇದಕ್ಕೆ ಫೀವರ್‌ಫ್ಯೂ ಎಂಬ ಹೆಸರೂ ಉಂಟು. ಈ ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ಹೆಸರುಗಳು ಯಾವುದೂ ತಪ್ಪಲ್ಲ. ಊರಿನ ಹೆಸರಿಗೆ ಅದರದೇ ಬೆಲೆ ಇದೆ. ಗಜ್ಜರಿ ಹುಲ್ಲು ಎಂಬ ಹೆಸರು ಎಳೆಯ ಗಿಡದ ಎಲೆ ಹೇಗಿರುತ್ತೆ ಅಂತ ಹೇಳುತ್ತೆ. ವೈಟ್ ಟಾಪ್ ಎಂಬ ಹೆಸರು ಹೂವಿನ ಕಾಲದ ಗುರುತು ಹೇಳುತ್ತೆ. ಪಕ್ಕದ ಹೊಲದವರ ಜೊತೆ ಮಾತಾಡೋಕೆ ಊರ ಹೆಸರೇ ಸಾಕು, ಅದೇ ಸರಿ. ತೊಂದರೆ ಆಗೋದು ಗಿಡದ ಸುದ್ದಿ ಊರು ದಾಟಿದಾಗ. ಔಷಧಿ, ಬೀಜ, ಮಿತ್ರ ಕೀಟ, ಮೊಬೈಲಿನಲ್ಲಿ ಹುಡುಕಿದ ಮಾಹಿತಿ, ಇವೆಲ್ಲ ಬೇರೆ ಊರಿಂದ, ಬೇರೆ ಭಾಷೆಯಿಂದ ಬರುವಂಥವು. ಅಲ್ಲಿ ನಮ್ಮ ಹೆಸರು ಅವರಿಗೆ ತಿಳಿಯಲ್ಲ, ಅವರ ಹೆಸರು ನಮಗೆ ತಿಳಿಯಲ್ಲ.

ವೈಜ್ಞಾನಿಕ ಹೆಸರು ಅಂದರೆ ಏನು?

ಈ ತೊಂದರೆ ನೀಗಿಸಲು ಪ್ರತಿ ಗಿಡಕ್ಕೂ ಎರಡು ಪದದ ಒಂದು ಹೆಸರಿದೆ. ಸ್ವೀಡನ್ನಿನ ಕಾರ್ಲ್ ಲಿನಿಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಗಿಡಗಳಿಗೆ ಹೀಗೆ ಹೆಸರಿಡುವ ಪದ್ಧತಿ ನೆಲೆಯಾಯಿತು. ನಮ್ಮ ಕಾಂಗ್ರೆಸ್ ಗಿಡದ ಹೆಸರೂ ಅದೇ ಗ್ರಂಥದಲ್ಲಿದೆ: ಪಾರ್ಥೇನಿಯಂ ಹಿಸ್ಟೆರೊಫೋರಸ್.

ಮೊದಲ ಪದ ಕುಲದ ಹೆಸರು, ಎರಡನೆಯದು ಪ್ರಭೇದದ ಹೆಸರು. ನಮ್ಮಲ್ಲಿ ಮನೆತನದ ಹೆಸರು ಮತ್ತು ಸ್ವಂತ ಹೆಸರು ಇದ್ದ ಹಾಗೆ. "ಪಾಟೀಲರು ಬಂದಿದ್ದರು" ಅಂದರೆ ಯಾವ ಪಾಟೀಲರು ಅಂತ ಕೇಳಲೇಬೇಕು. ಹಾಗೇ ಬರೀ ಪಾರ್ಥೇನಿಯಂ ಅಂದರೆ ಯಾವ ಪಾರ್ಥೇನಿಯಂ ಅಂತ ಕೇಳಬೇಕಾಗುತ್ತೆ. ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗ ಕುಲದ ಹೆಸರಿನ ಮೊದಲ ಅಕ್ಷರ ದೊಡ್ಡದು, ಪ್ರಭೇದದ ಹೆಸರು ಪೂರ್ತಿ ಚಿಕ್ಕ ಅಕ್ಷರ, ಎರಡೂ ಓರೆ ಅಕ್ಷರದಲ್ಲಿ. ಔಷಧಿ ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಬೆಳೆಯ ಮುಂದೆ ಓರೆಯಾಗಿ ಎರಡೆರಡು ಪದ ಅಚ್ಚಾಗಿದ್ದರೆ ಅವು ಆ ಔಷಧಿ ಕೊಲ್ಲುವ ಕಳೆಗಳ ವೈಜ್ಞಾನಿಕ ಹೆಸರುಗಳು. ನಿಮ್ಮ ಕಳೆ ಆ ಪಟ್ಟಿಯಲ್ಲಿದೆಯೇ ಅಂತ ಕೊಳ್ಳುವ ಮುಂಚೆಯೇ ನೋಡಿಕೊಳ್ಳಬಹುದು.

ಪಾರ್ಥೇನಿಯಂ ಎಂದೊಡನೆ ಪಾರ್ಥನ ನೆನಪಾಗಬಹುದು, ಆದರೆ ಅರ್ಜುನನಿಗೂ ಇದಕ್ಕೂ ಸಂಬಂಧ ಇಲ್ಲ. ಕನ್ಯೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು ಅದು.

ಅರ್ಧ ಹೆಸರಿನ ಅಪಾಯ

ಇಲ್ಲಿ ಸ್ವಲ್ಪ ಗಮನ ಕೊಟ್ಟು ಓದಿ, ಇದು ಆರೋಗ್ಯದ ಮಾತು.

ಯುರೋಪಿನಲ್ಲಿ ಹಿಂದಿನಿಂದಲೂ ತಲೆನೋವಿಗೆ, ಜ್ವರಕ್ಕೆ ಬಳಸುತ್ತಾ ಬಂದ ಒಂದು ಮೂಲಿಕೆ ಇದೆ. ಅದರ ಇಂಗ್ಲಿಷ್ ಹೆಸರು ಫೀವರ್‌ಫ್ಯೂ. ವೈಜ್ಞಾನಿಕ ಹೆಸರು ಟ್ಯಾನಸೀಟಂ ಪಾರ್ಥೇನಿಯಂ. ಸೇವಂತಿಗೆಯ ಹತ್ತಿರದ ಸಂಬಂಧಿ. ನಡುವೆ ಹಳದಿ, ಸುತ್ತ ಬಿಳಿ ಎಸಳು ಇರುವ ಪುಟ್ಟ ಹೂ. ಇದರಲ್ಲಿ ಪಾರ್ಥೇನಿಯಂ ಎಂಬುದು ಎರಡನೆಯ ಪದ. ನಮ್ಮ ಕಾಂಗ್ರೆಸ್ ಗಿಡದಲ್ಲಿ ಅದು ಮೊದಲ ಪದ. ಸಾಲದ್ದಕ್ಕೆ ಅಮೆರಿಕದ ಕೆಲವು ಕಡೆ ಕಾಂಗ್ರೆಸ್ ಗಿಡಕ್ಕೂ ಫೀವರ್‌ಫ್ಯೂ ಅಂತಾರೆ ಎಂದು ಆಗಲೇ ಹೇಳಿದೆ.

ಈಗ ಯೋಚಿಸಿ. ಅರೆತಲೆನೋವು ಇರುವ ಒಬ್ಬರು ಮೊಬೈಲಿನಲ್ಲಿ "ಪಾರ್ಥೇನಿಯಂ ಔಷಧೀಯ ಗುಣ" ಅಂತ ಹುಡುಕುತ್ತಾರೆ. ಯುರೋಪಿನ ಆ ಮೂಲಿಕೆಯ ಮಾಹಿತಿ ಬರುತ್ತೆ. "ಅಯ್ಯೋ, ಇದು ನಮ್ಮ ಹಿತ್ತಲಲ್ಲೇ ಇದೆಯಲ್ಲ" ಅಂತ ಕಷಾಯಕ್ಕೆ ಕೈ ಹಾಕಿದರೆ? ಕಾಂಗ್ರೆಸ್ ಗಿಡದಲ್ಲಿ ಪಾರ್ಥೆನಿನ್ ಎಂಬ ವಿಷಕಾರಿ ಅಂಶ ಇದೆ. ಮುಟ್ಟಿದ ಮಾತ್ರಕ್ಕೆ ಹಲವರಿಗೆ ಚರ್ಮ ಕೆರೆದು, ಕೆಂಪಾಗಿ, ಬಿರುಕು ಬಿಡುತ್ತೆ. ಪರಾಗದಿಂದ ಸೀನು, ನೆಗಡಿ, ಉಬ್ಬಸ ಬರುತ್ತೆ. ದನ ತಿಂದರೆ ಹಾಲು ಕಹಿಯಾಗುತ್ತೆ, ಹೆಚ್ಚು ತಿಂದರೆ ದನಕ್ಕೇ ಕಾಯಿಲೆ. ಅಂಥ ಗಿಡವನ್ನು ಕುದಿಸಿ ಕುಡಿಯುವ ಮಾತೇ ಬೇಡ. ವಾಟ್ಸಾಪಿನಲ್ಲಿ ಅಂಥ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಇದು ಬೇರೆ ಗಿಡ ಅಂತ ತಿಳಿಸಿ.

ಪಾರ್ಥೇನಿಯಂ ಕುಲದಲ್ಲೇ ಇನ್ನೊಂದು ಗಿಡ ಇದೆ, ಪಾರ್ಥೇನಿಯಂ ಅರ್ಜೆಂಟೇಟಂ. ಗ್ವಾಯೂಲೆ ಎಂದು ಕರೆಯುವ ಈ ಮರುಭೂಮಿ ಪೊದೆಯಿಂದ ರಬ್ಬರ್ ತೆಗೀತಾರೆ. "ಪಾರ್ಥೇನಿಯಂನಿಂದ ರಬ್ಬರ್, ರೈತರಿಗೆ ಲಾಭ" ಎಂಬ ತಲೆಬರಹ ಎಲ್ಲಾದರೂ ಕಂಡರೆ ಅದು ನಮ್ಮ ರಸ್ತೆ ಬದಿಯ ಗಿಡದ ಸುದ್ದಿ ಅಲ್ಲ. ಅದಕ್ಕೇ ಹೇಳೋದು, ವೈಜ್ಞಾನಿಕ ಹೆಸರಾದರೂ ಅರ್ಧ ಹೆಸರಾದರೆ ಊರ ಹೆಸರಿಗಿಂತ ಮೇಲಲ್ಲ.

ಕುಟುಂಬ ಗೊತ್ತಾದರೆ ಇನ್ನಷ್ಟು ಗೊತ್ತಾಗುತ್ತೆ

ಪೂರ್ತಿ ಹೆಸರು ಸಿಕ್ಕರೆ ಗಿಡದ ಕುಟುಂಬ ಸಿಗುತ್ತೆ. ಕಾಂಗ್ರೆಸ್ ಗಿಡದ ಕುಟುಂಬ ಆಸ್ಟರೇಸಿ. ಸೂರ್ಯಕಾಂತಿ, ಕುಸುಬೆ, ಹುಚ್ಚೆಳ್ಳು, ಸೇವಂತಿಗೆ, ಚೆಂಡುಹೂ ಎಲ್ಲ ಇದೇ ಕುಟುಂಬ. ಇದರಿಂದ ನಮಗೇನು ಉಪಯೋಗ?

ಒಂದು, ಸೂರ್ಯಕಾಂತಿ ಅಥವಾ ಕುಸುಬೆ ಹೊಲದಲ್ಲಿ ಕಾಂಗ್ರೆಸ್ ಗಿಡ ಬಂದರೆ ಬೆಳೆ ಮೇಲೆದ್ದ ಮೇಲೆ ಔಷಧಿಯಿಂದ ಕಳೆಯೊಂದನ್ನೇ ಆರಿಸಿ ಕೊಲ್ಲುವುದು ಕಷ್ಟ. ಎರಡೂ ಒಂದೇ ಮನೆತನದವು, ಕಳೆಗೆ ತಗಲುವ ಏಟು ಬೆಳೆಗೂ ತಗಲುವ ಸಂಭವ ಹೆಚ್ಚು. ಅಲ್ಲಿ ಎಡೆಕುಂಟೆ, ಕೈಗಳೆಯೇ ದಾರಿ.

ಎರಡು, ಕಾಂಗ್ರೆಸ್ ಗಿಡದಿಂದ ಚರ್ಮದ ಅಲರ್ಜಿ ಆದವರಲ್ಲಿ ಕೆಲವರಿಗೆ ಸೇವಂತಿಗೆ ಮುಟ್ಟಿದರೂ ಅದೇ ತೊಂದರೆ ಆಗುತ್ತೆ. ಹೂ ಬೆಳೆಗಾರರು, ಹೂ ಕಟ್ಟುವ ಹೆಣ್ಣುಮಕ್ಕಳು ಇದನ್ನು ತಿಳಿದಿರಬೇಕು. ಚರ್ಮದ ವೈದ್ಯರ ಹತ್ತಿರ ಹೋದಾಗ ಎರಡೂ ಗಿಡಗಳ ಹೆಸರು ಹೇಳಿ.

ಮಿತ್ರ ಕೀಟದ ಹೆಸರಿನಲ್ಲೂ ಅದೇ ಗೊಂದಲ

ಕಾಂಗ್ರೆಸ್ ಗಿಡದ ಎಲೆ ತಿನ್ನುವ ಒಂದು ಜೀರುಂಡೆಯನ್ನು ಮೆಕ್ಸಿಕೊದಿಂದ ತಂದು, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಹೆಸರು ಜೈಗೋಗ್ರಾಮ ಬೈಕಲರೇಟಾ. ಕೆನೆ ಬಣ್ಣದ ಬೆನ್ನ ಮೇಲೆ ಕಡುಕಂದು ಗೆರೆಗಳು, ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದು. ಮಳೆಗಾಲದಲ್ಲಿ ಚುರುಕು. ಬೇಸಿಗೆಯಲ್ಲಿ ಮಣ್ಣೊಳಗೆ ಸೇರಿ ನಿದ್ದೆ ಮಾಡುತ್ತೆ. ಕಾಂಗ್ರೆಸ್ ಗಿಡ ಬರೀ ದಂಟಾಗಿ ನಿಂತದ್ದು ಕಂಡರೆ ಇದರ ಕೆಲಸ ಇರಬಹುದು. ಇಂಥ ಕಡೆ ಕೀಟನಾಶಕ ಹೊಡೆಯಬೇಡಿ.

ನಮ್ಮಲ್ಲಿ ಇದನ್ನು ಮೆಕ್ಸಿಕನ್ ಜೀರುಂಡೆ ಅಂತ ಕರೆಯೋದು ರೂಢಿ. ಆದರೆ ಆ ಹೆಸರಲ್ಲಿ ಹುಡುಕಿದರೆ ಮೆಕ್ಸಿಕನ್ ಬೀನ್ ಬೀಟಲ್ ಎಂಬ ಇನ್ನೊಂದು ಕೀಟ ಸಿಗುತ್ತೆ. ಅದರ ಹೆಸರು ಎಪಿಲ್ಯಾಕ್ನಾ ವೇರಿವೆಸ್ಟಿಸ್. ಅಮೆರಿಕದಲ್ಲಿ ಹುರುಳಿಕಾಯಿ ಜಾತಿಯ ಬೆಳೆಗೆ ದೊಡ್ಡ ಪೀಡೆ. ಒಂದು ನಮ್ಮ ಮಿತ್ರ, ಇನ್ನೊಂದು ಶತ್ರು, ಹೆಸರಿನ ಅರ್ಧ ಭಾಗ ಒಂದೇ. ಶತ್ರುವಿನ ಚಿತ್ರ ನೋಡಿ ಮಿತ್ರನನ್ನು ಕೊಂದರೆ ನಷ್ಟ ನಮ್ಮದೇ.

ಪೈಪೋಟಿ ಗಿಡ: ಯಾವ ತಗಚೆ?

ಕಾಂಗ್ರೆಸ್ ಗಿಡದ ಜೊತೆ ಪೈಪೋಟಿ ಮಾಡಿ ಅದನ್ನು ಹಿಂದೆ ಹಾಕುವ ಗಿಡಗಳೂ ಇವೆ. ಧಾರವಾಡ ಭಾಗದಲ್ಲಿ ರಸ್ತೆ ಬದಿಯಲ್ಲಿ ಕ್ಯಾಸಿಯಾ ಸೆರಿಸಿಯಾ ಎಂಬ ಗಿಡ ಹಬ್ಬಿದ ಕಡೆ ಕಾಂಗ್ರೆಸ್ ಗಿಡ ಕಡಿಮೆಯಾದದ್ದನ್ನು ಗಮನಿಸಿ ವಿಜ್ಞಾನಿಗಳು ಅದನ್ನು ಅಭ್ಯಾಸ ಮಾಡಿದರು. ಆಗಿನಿಂದ "ಕ್ಯಾಸಿಯಾ ಬೀಜ ಎರಚಿ" ಎಂಬ ಸಲಹೆ ಬಾಯಿಂದ ಬಾಯಿಗೆ ಹರಡಿತು. ಹರಡುತ್ತಾ ಹರಡುತ್ತಾ ಅದು "ತಗಚೆ ಬೀಜ ಎರಚಿ" ಆಯಿತು.

ತಗಚೆ ಅಂದರೆ ಸೆನ್ನಾ ಟೋರಾ. ಕರಾವಳಿಯವರು ತಜಂಕ್ ಅಂತ ಮಳೆಗಾಲದಲ್ಲಿ ಎಳೆ ಸೊಪ್ಪು ತಿನ್ನುವ ಗಿಡ ಇದೇ. ತಂಗಡಿ ಅಥವಾ ಆವರಿಕೆ ಅಂದರೆ ಸೆನ್ನಾ ಆರಿಕ್ಯುಲೇಟಾ, ಹಳದಿ ಹೂವಿನ ಪೊದೆ. ಧಾರವಾಡದ ಗಿಡ ಇವೆರಡೂ ಅಲ್ಲ, ಅದರ ಈಗಿನ ಹೆಸರು ಸೆನ್ನಾ ಯೂನಿಫ್ಲೋರಾ. ಮೊದಲು ಈ ಮೂರನ್ನೂ ಕ್ಯಾಸಿಯಾ ಎಂದೇ ಕರೆಯುತ್ತಿದ್ದರು. ತಗಚೆಯೂ ಕಾಂಗ್ರೆಸ್ ಗಿಡಕ್ಕೆ ಪೈಪೋಟಿ ಕೊಡುತ್ತೆ, ಅದು ಬೇರೆ ಮಾತು. ಆದರೆ ಸೆನ್ನಾ ಯೂನಿಫ್ಲೋರಾ ನಮ್ಮ ನೆಲದ್ದಲ್ಲ, ಅದೂ ಅಮೆರಿಕದ ಕಡೆಯಿಂದ ಬಂದು ಕಳೆಯಾಗಿ ಹಬ್ಬುವಂಥದ್ದು. ಯಾವುದು ಅಂತ ತಿಳಿಯದೆ ಬೀಜ ತಂದು ಹೊಲದ ಬದುವಿಗೆ ಎರಚಿದರೆ ಒಂದು ಕಳೆ ಕಳೆದು ಇನ್ನೊಂದನ್ನು ಕರೆದ ಹಾಗೆ ಆಗುತ್ತೆ. ಬೀಜ ಕೊಡುವವರ ಹತ್ತಿರ "ಯಾವ ಸೆನ್ನಾ?" ಅಂತ ಕೇಳಿಯೇ ತಗೊಳ್ಳಿ.

ಕಾಂಗ್ರೆಸ್ ಮತ್ತು ಕಮ್ಯುನಿಸ್ಟ್

ಪಕ್ಷದ ಹೆಸರಿನ ಇನ್ನೊಂದು ಕಳೆ ಮಲೆನಾಡು, ಕರಾವಳಿಯಲ್ಲಿದೆ. ಕಮ್ಯುನಿಸ್ಟ್ ಗಿಡ. ಕೇರಳದಲ್ಲಿ ಕಮ್ಯುನಿಸ್ಟ್ ಪಚ್ಚ ಅಂತಾರೆ. ಇದರ ಹೆಸರು ಕ್ರೊಮೊಲಿನಾ ಒಡೊರೇಟಾ. ಇದೂ ಅಮೆರಿಕದ ಉಷ್ಣ ಪ್ರದೇಶದ್ದೇ, ಇದೂ ಆಸ್ಟರೇಸಿ ಕುಟುಂಬದ್ದೇ. ಆದರೆ ನಡವಳಿಕೆ ಬೇರೆ. ಕಾಂಗ್ರೆಸ್ ಗಿಡ ಕೆಲವೇ ತಿಂಗಳು ಬದುಕುವ ಏಕವಾರ್ಷಿಕ, ಬೀಜದಿಂದ ಮಾತ್ರ ಹರಡುತ್ತೆ. ಕಮ್ಯುನಿಸ್ಟ್ ಗಿಡ ವರ್ಷಗಟ್ಟಲೆ ಬದುಕುವ ಪೊದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ. ಒಂದನ್ನು ಹೂ ಬರುವ ಮುಂಚೆ ಕಿತ್ತರೆ ಕೆಲಸ ಮುಗೀತು, ಇನ್ನೊಂದನ್ನು ಬುಡ ಸಮೇತ ಅಗೆಯಬೇಕು. ಅರ್ಧ ಕೇಳಿಸಿಕೊಂಡು "ಪಾರ್ಟಿ ಗಿಡಕ್ಕೆ ಇದೇ ಉಪಾಯ" ಅಂತ ಹೋದರೆ ಎರಡರಲ್ಲೂ ಸೋಲು.

ವೈಜ್ಞಾನಿಕ ಹೆಸರೂ ಬದಲಾಗುತ್ತೆ

ಒಂದು ಪ್ರಶ್ನೆ ನಿಮಗೆ ಬಂದಿರಬಹುದು. ಕಮ್ಯುನಿಸ್ಟ್ ಗಿಡಕ್ಕೆ ನಮ್ಮ ಮಲೆನಾಡಿನವರು ಯುಪಟೋರಿಯಂ ಅಂತಾರಲ್ಲ, ಅದೂ ವೈಜ್ಞಾನಿಕ ಹೆಸರೇ ಅಲ್ಲವೇ? ಹೌದು, ಹಳೆಯದು. ಮೊದಲು ಯುಪಟೋರಿಯಂ ಒಡೊರೇಟಂ ಅಂತಿತ್ತು. ಗಿಡಗಳ ಸಂಬಂಧವನ್ನು ಇನ್ನೂ ಚೆನ್ನಾಗಿ ಅಭ್ಯಾಸ ಮಾಡಿದ ಮೇಲೆ ಸಸ್ಯಶಾಸ್ತ್ರಜ್ಞರು ಅದನ್ನು ಬೇರೆ ಕುಲಕ್ಕೆ ಸೇರಿಸಿದರು. ನೀಲಗಿರಿಯಂಥ ಎತ್ತರದ ಬೆಟ್ಟಗಳಲ್ಲಿ ಹಬ್ಬಿರುವ ಇನ್ನೊಂದು ಕಳೆಯೂ ಮೊದಲು ಯುಪಟೋರಿಯಂ ಆಗಿತ್ತು, ಈಗ ಅಜೆರಾಟಿನಾ ಅಡೆನೊಫೋರಾ.

ಬಯಲುಸೀಮೆಯ ಬಳ್ಳಾರಿ ಜಾಲಿಯದೂ ಇದೇ ಕತೆ. ಪ್ರೊಸೊಪಿಸ್ ಜೂಲಿಫ್ಲೋರಾ ಎಂದು ಎಲ್ಲ ಪುಸ್ತಕದಲ್ಲೂ ಇದೆ. 2022ರಲ್ಲಿ ವಿಜ್ಞಾನಿಗಳು ಆ ಕುಲವನ್ನು ಒಡೆದು ಇದಕ್ಕೆ ನೆಲ್ಟುಮಾ ಜೂಲಿಫ್ಲೋರಾ ಅಂತ ಹೆಸರಿಟ್ಟರು. ನಮ್ಮ ನೆಲದ ಪ್ರೊಸೊಪಿಸ್ ಸಿನರೇರಿಯಾ, ಅಂದರೆ ರಾಜಸ್ಥಾನದವರು ಖೇಜ್ರಿ ಎನ್ನುವ ಶಮೀ ಮರ, ಹಳೆಯ ಕುಲದಲ್ಲೇ ಉಳಿಯಿತು. ಹೊರಗಿನಿಂದ ಬಂದ ಮುಳ್ಳಿನ ಮರಕ್ಕೂ ನಮ್ಮ ಪೂಜೆಯ ಮರಕ್ಕೂ ಈಗ ಹೆಸರಿನಲ್ಲೇ ವ್ಯತ್ಯಾಸ ಕಾಣುತ್ತೆ.

ಹಾಗಾದರೆ ಬದಲಾಗುವ ಹೆಸರನ್ನು ನೆಚ್ಚೋದು ಹೇಗೆ? ಊರ ಹೆಸರು ಬದಲಾದರೆ ಎಲ್ಲೂ ಲೆಕ್ಕ ಇರಲ್ಲ. ವೈಜ್ಞಾನಿಕ ಹೆಸರು ಬದಲಾದರೆ ಹಳೆಯ ಹೆಸರು ಪರ್ಯಾಯ ಹೆಸರಾಗಿ ದಾಖಲೆಯಲ್ಲಿ ಉಳಿಯುತ್ತೆ. ಜಮೀನಿನ ಸರ್ವೆ ನಂಬರ್ ಪೋಡಿಯಾದ ಮೇಲೂ ಹಳೆಯ ನಂಬರಿನಿಂದ ಹೊಸದನ್ನು ಹುಡುಕಬಹುದಲ್ಲ, ಹಾಗೆ. ಎರಡರಲ್ಲಿ ಯಾವುದನ್ನು ಹೇಳಿದರೂ ತಿಳಿದವರು ಸರಿಯಾದ ಗಿಡಕ್ಕೇ ಬರುತ್ತಾರೆ.

ಹೊಲದಲ್ಲಿ ಗುರುತು ಹಿಡಿಯುವುದು ಹೇಗೆ?

ಹೆಸರು ಎಷ್ಟು ಸರಿ ಇದ್ದರೂ ಗಿಡ ಗುರುತಿಸುವುದು ತಪ್ಪಿದರೆ ಪ್ರಯೋಜನ ಇಲ್ಲ. ಪಾರ್ಥೇನಿಯಂ ಹಿಸ್ಟೆರೊಫೋರಸ್ ಗುರುತುಗಳು ಇವು:

1. ಎಳೆಯ ಗಿಡದಲ್ಲಿ ಎಲೆಗಳು ನೆಲಕ್ಕೆ ಅಂಟಿಕೊಂಡು ಚಕ್ರದಂತೆ ಹರಡಿರುತ್ತವೆ. ಗಜ್ಜರಿ ಎಲೆಯ ಹಾಗೆ ಆಳವಾಗಿ ಸೀಳಿರುತ್ತವೆ.
2. ಆಮೇಲೆ ನಡುವಿನಿಂದ ಕಾಂಡ ಎದ್ದು ಕವಲೊಡೆಯುತ್ತೆ. ಕಾಂಡದ ಮೇಲೆ ಉದ್ದುದ್ದ ಗೆರೆಗಳು, ಮೃದುವಾದ ರೋಮ. ಎತ್ತರ ಒಂದು ಮೀಟರ್, ಒಳ್ಳೆ ನೆಲದಲ್ಲಿ ಇನ್ನೂ ಹೆಚ್ಚು.
3. ಕಾಂಡದ ಮೇಲೆ ಎಲೆಗಳು ಒಂದಾದ ಮೇಲೊಂದು ಬರುತ್ತವೆ, ಎದುರುಬದುರು ಜೋಡಿಯಾಗಿ ಅಲ್ಲ.
4. ಹೂ ಬಿಳಿ, ತೀರ ಚಿಕ್ಕದು, ನಾಲ್ಕೈದು ಮಿಲಿಮೀಟರ್ ಅಗಲ. ಹತ್ತಿರದಿಂದ ನೋಡಿದರೆ ಐದು ಮೂಲೆ. ಒಂದು ಹೂಗುಚ್ಛದಲ್ಲಿ ಐದು ಬೀಜ.

ಚೆಂಡುಹೂ ಸಸಿಯ ಎಲೆಯೂ ಸೀಳಿರುತ್ತೆ, ಆದರೆ ತಿಕ್ಕಿದರೆ ಘಾಟು ವಾಸನೆ ಬರುತ್ತೆ, ಬುಡದ ಎಲೆಗಳು ಜೋಡಿಯಾಗಿರುತ್ತವೆ. ದವನ, ಮಾಚಿಪತ್ರೆಯ ಎಲೆಗೆ ಅವುಗಳದೇ ಸುವಾಸನೆ. ಕಮ್ಯುನಿಸ್ಟ್ ಗಿಡದ ಎಲೆ ಸೀಳಿರಲ್ಲ, ತ್ರಿಕೋನಾಕಾರ, ಬುಡದಿಂದ ಮೂರು ನರ ಎದ್ದು ಕಾಣುತ್ತೆ. ಎಲೆ ತಿಕ್ಕಿ ನೋಡುವಾಗ ಕೈಗೆ ಗವಸು ಇರಲಿ. ಕಾಂಗ್ರೆಸ್ ಗಿಡ ಅಂತ ಅನುಮಾನ ಇದ್ದರೆ ತಿಕ್ಕಲೇ ಬೇಡಿ.

ಇಷ್ಟಾದರೂ ಅನುಮಾನ ಉಳಿದರೆ ಬೇರು, ಎಲೆ, ಹೂ ಮೂರೂ ಇರುವ ಒಂದು ಗಿಡವನ್ನು ಗವಸು ಹಾಕಿ ಕಿತ್ತು, ಹಳೆ ಪೇಪರಿನ ನಡುವೆ ಒತ್ತಿ ಇಡಿ. ಪೇಪರಿನ ಮೇಲೆ ಊರು, ದಿನಾಂಕ, ಯಾವ ಬೆಳೆ, ನಿಮ್ಮೂರಲ್ಲಿ ಕರೆಯುವ ಹೆಸರು ಬರೆಯಿರಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ತೋರಿಸಿ. ಬರೀ ಎಲೆಯ ಫೋಟೊ ಕಳಿಸಿದರೆ ತಜ್ಞರಿಗೂ ಕಷ್ಟ.

ಗುರುತು ಸಿಕ್ಕ ಮೇಲೆ

ಕಾಂಗ್ರೆಸ್ ಗಿಡವೇ ಹೌದು ಅಂತಾದರೆ ಕಾಲ ಕಳೆಯಬೇಡಿ. ಮೊಳೆತು ನಾಲ್ಕರಿಂದ ಆರು ವಾರಕ್ಕೆ ಹೂ ಬರುತ್ತೆ. ಚೆನ್ನಾಗಿ ಬೆಳೆದ ಒಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತೆ, 15,000ಕ್ಕೂ ಮೀರಬಹುದು.

* ಮಳೆ ಬಂದು ಮಣ್ಣು ಹಸಿ ಇರುವಾಗ, ಹೂವಿಗೆ ಮುಂಚೆ, ಬೇರು ಸಮೇತ ಕೀಳಿ. ಕೈಗವಸು, ತುಂಬು ತೋಳಿನ ಅಂಗಿ, ಮೂಗಿಗೆ ಬಟ್ಟೆ ಕಡ್ಡಾಯ. ಅಲರ್ಜಿ, ಉಬ್ಬಸ ಇರುವವರು ಈ ಕೆಲಸಕ್ಕೆ ಇಳಿಯಬೇಡಿ.
* ಹೂ ಬಿಡದ ಗಿಡವನ್ನು ಕಾಂಪೋಸ್ಟ್ ಗುಂಡಿಗೆ ಹಾಕಬಹುದು. ಹೂ, ಬೀಜ ಇರುವುದನ್ನು ಹಾಕಿದರೆ ಗೊಬ್ಬರದ ಜೊತೆ ಹೊಲಕ್ಕೆ ಬೀಜ ಬಿತ್ತಿದಂತೆ.
* ಬೆಳೆ ಇಲ್ಲದ ರಸ್ತೆ ಬದಿ, ಖಾಲಿ ನಿವೇಶನದಲ್ಲಿ ಲೀಟರ್ ನೀರಿಗೆ 150ರಿಂದ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಗಿಡ ತೋಯುವಂತೆ ಸಿಂಪಡಿಸಬಹುದು. ಹೊಲದೊಳಗೆ ಬೇಡ, ಮಣ್ಣು ಚೌಳಾಗುತ್ತೆ.
* ಬೆಳೆ ಇರುವ ಹೊಲಕ್ಕೆ ಕಳೆನಾಶಕ ಬೇಕಿದ್ದರೆ ಅಂಗಡಿಯಲ್ಲಿ ಮೂರು ಮಾತು ಹೇಳಿ: ಬೆಳೆ ಯಾವುದು, ಬಿತ್ತಿ ಎಷ್ಟು ದಿನ ಆಯಿತು, ಕಳೆ ಪಾರ್ಥೇನಿಯಂ ಹಿಸ್ಟೆರೊಫೋರಸ್, ಅದು ಅಗಲ ಎಲೆಯದು. ಚೀಟಿಯಲ್ಲಿ ನಿಮ್ಮ ಬೆಳೆ, ನಿಮ್ಮ ಕಳೆ ಎರಡೂ ಇದ್ದರೆ ಮಾತ್ರ ಕೊಳ್ಳಿ.

ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ನೇತೃತ್ವದಲ್ಲಿ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತೆ. ನಿಮ್ಮೂರ ಶಾಲೆ, ಸಂಘಗಳಲ್ಲಿ ಗಿಡ ಕೀಳುವ ಕಾರ್ಯಕ್ರಮ ಮಾಡುವುದಾದರೆ ಮೊದಲು ಮಕ್ಕಳಿಗೆ ಗಿಡ ತೋರಿಸಿ, ಊರ ಹೆಸರು, ಪೂರ್ತಿ ಹೆಸರು ಎರಡನ್ನೂ ಕಲಿಸಿ. ಕೀಳುವ ಕೆಲಸ ದೊಡ್ಡವರು ಮಾಡಲಿ.

ಆ ಶೇಂಗಾ ರೈತರ ಮಾತು ಅರ್ಧಕ್ಕೆ ನಿಂತಿತ್ತು. ಔಷಧಿಯ ಆಸೆ ಬಿಟ್ಟು, ಎಡೆಕುಂಟೆ ಹೊಡೆದು, ಮನೆಯವರೆಲ್ಲ ಸೇರಿ ಉಳಿದದ್ದನ್ನು ಕೈಯಿಂದ ಕಿತ್ತರು. ಹೂ ಬಿಡುವ ಮುಂಚೆ ಮುಗಿಸಿದ್ದರಿಂದ ಬೀಜ ನೆಲಕ್ಕೆ ಬೀಳೋದು ತಪ್ಪಿತು. ಈ ಸಲ ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ಗಿಡದ ಎರಡು ಪದದ ಹೆಸರು ಬರೆದುಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಗಿಡವನ್ನೂ ಕಟ್ಟಿಕೊಂಡು ಹೋಗಿದ್ದರಂತೆ. ಅಂಗಡಿಯವರು ಗಿಡ ನೋಡಿ, "ಇದಕ್ಕೆ ಶೇಂಗಾದಾಗ ಈಗ ಔಷಧಿ ಬ್ಯಾಡ್ರಿ, ಸಣ್ಣದಿದ್ದಾಗಲೇ ಕಿತ್ತುಬಿಡ್ರಿ" ಅಂದರಂತೆ. ಔಷಧಿಯ ದುಡ್ಡು ಉಳಿಯಿತು. ನೀವೂ ಹಾಗೇ ಮಾಡಿ. ಹೆಸರು ಬಾಯಿಗೆ ಬರದಿದ್ದರೂ ಚಿಂತೆ ಇಲ್ಲ, ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು.